ತಂದು ಕಟ್ಟಿಹಾಕಿದರೆ ಸಾಕಿದಂತಾಯಿತೇ?

ತುಲಾಮಾಸದ ಗುಡುಗುಮಳೆ ಹಿಮ್ಮೆಟ್ಟಿ ಬೆಳಗಿನ ಹೊತ್ತು ಸಣ್ಣಗೆ ಮಂಜು ಬೀಳತೊಡಗಿತೆಂದರೆ ನಮ್ಮ ಪೇಟೆಗಳಲ್ಲಿ ಗೋಣಿಚೀಲಗಳು ಪ್ರತ್ಯಕ್ಷವಾಗುತ್ತವೆ. ಮೀನುಮಾರುಕಟ್ಟೆಯ ಹಿಂಬದಿ, ಶಾಲೆಯ ಆಟದ ಬಯಲಿನ ಮೂಲೆ, ದೇವಸ್ಥಾನದ ಹೊರಗಿನ ಕಟ್ಟೆ, ಬಸ್ಸು ತಂಗುದಾಣ - ಎಲ್ಲಿ ನಾಲ್ಕು ಜನ ಸೇರುತ್ತಾರೋ ಅಲ್ಲಿ. ಚೀಲದೊಳಗೆ ಆಗಷ್ಟೇ ಕಣ್ಣು ತೆರೆದ ಮೂರೋ ನಾಲ್ಕೋ ಮರಿಗಳು. ಬಿಚ್ಚಿ ನೋಡಿದವರಿಗೆ ಗೊತ್ತು, ಅವುಗಳಲ್ಲಿ ಹೆಚ್ಚಿನವು ಹೆಣ್ಣು. ಗಂಡುಮರಿ ಹೇಗೋ ಒಂದು ಮನೆ ಸೇರಿರುತ್ತದೆ. ಹೆಣ್ಣುಮರಿಯಾದರೋ 'ನಾಳೆ ಮರಿ ಹಾಕುತ್ತದೆ' ಎಂಬ ಅಪರಾಧಕ್ಕಾಗಿ ಪೇಟೆಯ ಪಾಲಾಗುತ್ತದೆ. ಹಾಗೆ ಪೇಟೆಯ ಪಾಲಾದದ್ದು ಬದುಕುಳಿದರೆ ವರ್ಷ ಕಳೆಯುವಷ್ಟರಲ್ಲಿ ನಿಜಕ್ಕೂ ಮರಿ ಹಾಕುತ್ತದೆ. ಆಮೇಲೆ ನಾವೇ ಬೀದಿನಾಯಿಗಳ ಕಾಟವೆಂದು ಪಂಚಾಯತಿಗೆ ಮನವಿ ಬರೆಯುತ್ತೇವೆ.

ಪ್ರಾಣಿಗಳ ಮೇಲೆ ದಯೆಯಿಲ್ಲದ ಜನ ನಾವಲ್ಲ. 2022ರ ಅಕ್ಟೋಬರಿನಲ್ಲಿ ಅನಂತಪುರದ ಸರೋವರ ಕ್ಷೇತ್ರದ ಮೊಸಳೆ ಬಬಿಯಾ ತೀರಿಕೊಂಡಾಗ ಅದರ ಅಂತಿಮ ದರ್ಶನಕ್ಕೆ ಜನ ಸಾಲುಗಟ್ಟಿ ನಿಂತದ್ದನ್ನು ನಾಡೆಲ್ಲ ನೋಡಿತು. ಮನೆಮನೆಯ ಗೋಡೆಯಲ್ಲಿ ದತ್ತಾತ್ರೇಯನ ಪಟವಿದೆ, ಪಟದಲ್ಲಿ ನಾಲ್ಕು ನಾಯಿಗಳಿವೆ. ಧರ್ಮರಾಯ ತನ್ನೊಡನೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಕಥೆಯನ್ನು ತಾಳಮದ್ದಳೆಯ ಅರ್ಥಧಾರಿಗಳ ಬಾಯಲ್ಲಿ ಕೇಳಿ ಕಣ್ಣೊರಸಿಕೊಂಡವರು ಇದ್ದೇವೆ. ನೆರೆಯ ಪರಶ್ಶಿನಿಕಡವಿನ ಮುತ್ತಪ್ಪನ ಸನ್ನಿಧಿಯಲ್ಲಂತೂ ನಾಯಿಗಳಿಗೆ ತಡೆಯೇ ಇಲ್ಲ, ಪ್ರಸಾದದಲ್ಲೂ ಪಾಲುಂಟು. ಇಷ್ಟೆಲ್ಲ ಇದ್ದೂ ಗೋಣಿಚೀಲ ತಪ್ಪಲಿಲ್ಲ. ಭಕ್ತಿ ಒಂದು ಕಡೆ, ವ್ಯವಹಾರ ಇನ್ನೊಂದು ಕಡೆ ಎಂದೇ ತೋರುತ್ತದೆ. ಕಾನೂನನ್ನು ಕೇಳಿದರೆ ಅದೂ ಹಾಗೆಯೇ. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಂತೆ ಶಿಕ್ಷಾರ್ಹ; ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ಪೇಟೆಗೆ ಚೀಲ ಹೊತ್ತುಕೊಂಡು ಹೋದ ಆಟೋರಿಕ್ಷಾದ ಬಾಡಿಗೆ ಇದಕ್ಕಿಂತ ಹೆಚ್ಚಾಗಿರುತ್ತದೆ.

2025ರಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳ ದೆಸೆಯಿಂದ ಬೀದಿನಾಯಿಯ ವಿಚಾರ ಎಲ್ಲರ ಬಾಯಿಗೂ ಬಂತು. ದೆಹಲಿಯ ನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿಡಬೇಕೆಂದು ಆಗಸ್ಟ್ 11ರಂದು ಆದೇಶವಾಯಿತು. ಆಗಸ್ಟ್ 22ರಂದು ಮೂವರು ನ್ಯಾಯಾಧೀಶರ ಪೀಠ ಅದನ್ನು ಮಾರ್ಪಡಿಸಿ, ಸಂತಾನಹರಣ ಚಿಕಿತ್ಸೆ ಮತ್ತು ಚುಚ್ಚುಮದ್ದು ಮುಗಿಸಿದ ನಾಯಿಗಳನ್ನು ಹಿಡಿದಲ್ಲಿಗೇ ಬಿಡಬೇಕು, ಹುಚ್ಚು ಹಿಡಿದವನ್ನೂ ಮೇಲೆ ಬೀಳುವ ಸ್ವಭಾವದವನ್ನೂ ಬಿಡಬಾರದು ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ಸು ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವುಗೊಳಿಸುವ ಆದೇಶವೂ ಬಂತು. ಈ ಗದ್ದಲದ ನಡುವೆ ಆಗಸ್ಟ್ 22ರ ಆದೇಶದ ಒಂದು ಮಾತು ಹೆಚ್ಚು ಜನರ ಲಕ್ಷ್ಯಕ್ಕೆ ಬರಲಿಲ್ಲ. ಪ್ರಾಣಿಪ್ರಿಯರು ಬಯಸಿದರೆ ನಗರಾಡಳಿತಕ್ಕೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ತೆಗೆದುಕೊಳ್ಳಬಹುದು; ಆದರೆ ಹಾಗೆ ತೆಗೆದುಕೊಂಡ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ. ಈ ಲೇಖನದ ವಿಷಯ ಇರುವುದು ಆ 'ಆದರೆ'ಯಲ್ಲಿ.

ಬೀದಿಯ ಮರಿಯನ್ನು ಮನೆಗೆ ತಂದ ಪುಣ್ಯವಂತರು ನಮ್ಮಲ್ಲಿ ಸಾಕಷ್ಟಿದ್ದಾರೆ. ಅವರ ಅಂತಃಕರಣದ ಬಗ್ಗೆ ಎರಡು ಮಾತಿಲ್ಲ. ಆದರೆ ತಂದ ಮೇಲೆ ಏನಾಗುತ್ತದೆ? ಮೊದಲ ವಾರ ಮಕ್ಕಳ ತೊಡೆಯ ಮೇಲೆ, ಎರಡನೆಯ ವಾರ ಜಗಲಿಯಲ್ಲಿ, ತಿಂಗಳು ಕಳೆದು ಚಪ್ಪಲಿ ಕಚ್ಚಿದ ದಿನ ಹಟ್ಟಿಯ ಕಂಬಕ್ಕೆ ಸರಪಳಿ. ಅಲ್ಲಿಂದ ಮುಂದೆ ಅದರ ಆಯುಷ್ಯವೆಲ್ಲ ಮೂರು ಮೊಳದ ಸುತ್ತಳತೆಯಲ್ಲಿ. ಬಿಟ್ಟರೆ ಓಡುತ್ತದೆಂದು ಕಟ್ಟುವುದು, ಕಟ್ಟಿದ್ದರಿಂದ ರೇಗಿ ಬೊಗಳುವುದು, ಬೊಗಳುತ್ತದೆಂದು ಹೊಡೆಯುವುದು, ಹೊಡೆದದ್ದಕ್ಕೆ ಒಂದು ದಿನ ಅದು ಕಚ್ಚುವುದು. ಕಚ್ಚಿತೆಂದ ಮೇಲೆ ಪುನಃ ಅದೇ ಗೋಣಿಚೀಲ, ಈ ಸಲ ಹತ್ತು ಮೈಲು ದೂರದ ಪೇಟೆ. ಹೀಗೆ ಹಿಂದಿರುಗಿ ಬೀದಿಗೆ ಬಿದ್ದ ನಾಯಿ, ಹುಟ್ಟಿನಿಂದ ಬೀದಿಯಲ್ಲೇ ಬೆಳೆದ ನಾಯಿಗಿಂತ ಕಷ್ಟದಲ್ಲಿರುತ್ತದೆ. ಬೀದಿಯ ವಿದ್ಯೆ ಅದಕ್ಕೆ ಮರೆತಿರುತ್ತದೆ, ಮನುಷ್ಯನ ಮೇಲಿನ ನಂಬಿಕೆ ಹೋಗಿರುತ್ತದೆ. ಮಕ್ಕಳಿಗೆ ಅಪಾಯ ಯಾವ ನಾಯಿಯಿಂದ ಹೆಚ್ಚು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರೆಬರೆ ಮನಸ್ಸಿನಿಂದ ಸಾಕುವುದಕ್ಕಿಂತ ಸಾಕದಿರುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಕಟುವಾಯಿತೆಂದು ತೋರಿದರೆ ತೋರಲಿ.

ಮನಸ್ಸು ಗಟ್ಟಿಯಿದ್ದವರು ಸಾಕುವುದಾದರೆ ಸಾವಿರಾರು ರೂಪಾಯಿ ತೆತ್ತು ಬಿಳಿ ರೋಮದ ಪರದೇಶಿ ಜಾತಿ ತಂದು ಎಪ್ರಿಲ್ ತಿಂಗಳ ಸೆಕೆಯಲ್ಲಿ ಅದರ ನಾಲಗೆ ನೇತುಬಿದ್ದುದನ್ನು ನೋಡುವುದಕ್ಕಿಂತ, ಈ ಮಣ್ಣಿನ ಮಳೆ ಬಿಸಿಲಿಗೆ ತಲೆತಲಾಂತರದಿಂದ ಒಗ್ಗಿದ ಊರನಾಯಿಯನ್ನು, ಅದರಲ್ಲೂ ಹೆಣ್ಣುಮರಿಯನ್ನು ತರುವುದು ಬುದ್ಧಿವಂತಿಕೆ. ಆರು ತಿಂಗಳು ತುಂಬಿದ ಮೇಲೆ ಪಶುವೈದ್ಯರ ಸಲಹೆ ಕೇಳಿ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಹೆಣ್ಣೆಂಬ ತಕರಾರು ಅಲ್ಲಿಗೇ ಮುಗಿಯಿತು.

ತಾಯಿ ಬದುಕಿದ್ದು ಹಾಲೂಡಿಸುತ್ತಿದ್ದರೆ ಮರಿಯನ್ನು ಎಂಟು ವಾರದ ತನಕ ಅದರ ಹತ್ತಿರವೇ ಬಿಡಬೇಕು. ಒಡಹುಟ್ಟುಗಳೊಡನೆ ಕಚ್ಚಾಡಿಕೊಂಡೇ ಅದು ಎಷ್ಟು ಕಚ್ಚಿದರೆ ನೋವಾಗುತ್ತದೆಂಬ ಪಾಠ ಕಲಿಯುವುದು. ಅವಸರದಿಂದ ನಾಲ್ಕು ವಾರಕ್ಕೇ ಎತ್ತಿ ತಂದವರ ಮನೆಯಲ್ಲಿ ಆ ಪಾಠವನ್ನು ಮಕ್ಕಳ ಕೈಬೆರಳುಗಳೇ ಕಲಿಸಬೇಕಾಗುತ್ತದೆ.

ಇನ್ನು ಮನೆಗೆ ತಂದ ಮೊದಲ ದಿನ. ನಮ್ಮ ಪದ್ಧತಿ ಹೇಗೆಂದರೆ, ಬಂದ ಕೂಡಲೇ ಕೊಳೆ ಹೋಗಲೆಂದು ಬಾವಿಕಟ್ಟೆಯಲ್ಲಿ ಸ್ನಾನ, ಆಮೇಲೆ ಹೊಟ್ಟೆ ಬಿರಿಯುವಷ್ಟು ಹಾಲು ಅನ್ನ, ಸಂಜೆಗೆ ನೆರೆಕರೆಯವರೆಲ್ಲ ಬಂದು ಒಬ್ಬೊಬ್ಬರಾಗಿ ಎತ್ತಿ ನೋಡುವ ಕಾರ್ಯಕ್ರಮ. ಮೂರೂ ಬೇಡ. ಅಪರಿಚಿತ ಜಾಗ, ಅಪರಿಚಿತ ವಾಸನೆ, ಅಪರಿಚಿತ ಕೈಗಳು. ಅದರ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಜಗಲಿಯ ಒಂದು ಮೂಲೆಯಲ್ಲಿ, ಓಡಾಟ ಕಡಿಮೆಯಿರುವಲ್ಲಿ, ಹಳೆಯ ಗೋಣಿಯೋ ಹಚ್ಚಡದ ತುಂಡೋ ಹಾಸಿ, ಹತ್ತಿರದಲ್ಲಿ ನೀರಿಟ್ಟು, ಅದರಷ್ಟಕ್ಕೆ ಬಿಡಬೇಕು. ಬೆಂಚಿನ ಅಡಿಗೆ ಹೋಗಿ ಅಡಗಿತೇ? ಅಡಗಲಿ. ಎಳೆದು ತೆಗೆಯಬಾರದು. ಸ್ವಲ್ಪ ದೂರದಲ್ಲಿ ಪಕ್ಕಕ್ಕೆ ತಿರುಗಿ ಕುಳಿತು ಪತ್ರಿಕೆ ಓದುತ್ತಿರಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ನಾಯಿಗಳ ಲೋಕದಲ್ಲಿ ದಿಟ್ಟಿಸುವುದೆಂದರೆ ಜಗಳಕ್ಕೆ ಕರೆದಂತೆ. ಮೂಸುತ್ತ ಅದೇ ಬರುತ್ತದೆ. ಬಂದಾಗ ತಲೆಯ ಮೇಲಿಂದ ಕೈ ತರದೆ ಎದೆಯ ಕೆಳಗೆ ಮೆಲ್ಲಗೆ ತುರಿಸಿದರೆ ಸಾಕು.

ಹಸುವಿನ ಹಾಲು ಎಷ್ಟೋ ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಮೆತ್ತಗೆ ಬೇಯಿಸಿದ ಕುಚ್ಚಿಲಕ್ಕಿ ಅನ್ನಕ್ಕೆ ಮುಳ್ಳು ತೆಗೆದ ಬೂತಾಯಿಯನ್ನೋ ಬೇಯಿಸಿದ ಮೊಟ್ಟೆಯನ್ನೋ ಕಲಸಿ, ದಿನಕ್ಕೆ ಮೂರು ನಾಲ್ಕು ಬಾರಿ ಸ್ವಲ್ಪಸ್ವಲ್ಪವಾಗಿ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೊಡಬೇಕು. ಮೀನು ಮೊಟ್ಟೆ ಒಳಗೆ ಬಾರದ ಮನೆಗಳಲ್ಲಿ ಬೇಯಿಸಿದ ಬೇಳೆಯಿದೆ, ಮೊಸರಿದೆ, ಕೊರತೆ ತುಂಬಲು ಅಂಗಡಿಯಲ್ಲಿ ಸಿಗುವ ನಾಯಿಯ ಆಹಾರವಿದೆ. ಬರಿಯ ಗಂಜಿತಿಳಿಯಲ್ಲಿ ಎಲುಬು ಬಲಿಯುವುದಿಲ್ಲ. ಈರುಳ್ಳಿ ಹಾಕಿದ ಸಾಂಬಾರು, ಚಾಕಲೇಟು, ದ್ರಾಕ್ಷಿ ನಾಯಿಗೆ ವಿಷವೆಂದೇ ತಿಳಿಯಬೇಕು. ಬೇಯಿಸಿದ ಕೋಳಿಯ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ.

ಮೊದಲ ರಾತ್ರಿ ಅಳುತ್ತದೆ. ಅಳದೆ ಏನು ಮಾಡೀತು? ಹುಟ್ಟಿದಂದಿನಿಂದ ಇನ್ನೊಂದು ಮೈಯ ಬಿಸಿಗೆ ತಾಗಿ ಮಲಗಿದ ಜೀವ ಅದು. ಬಚ್ಚಲುಕೊಟ್ಟಿಗೆಯಲ್ಲಿ ಕೂಡಿ ಬಾಗಿಲು ಹಾಕಿದರೆ ಅಳು ನಿಲ್ಲಬಹುದು, ಹೆದರಿಕೆ ನಿಲ್ಲುವುದಿಲ್ಲ. ಯಾರಾದರೊಬ್ಬರು ನಾಲ್ಕು ರಾತ್ರಿ ಚಾವಡಿಯಲ್ಲಿ ಅದರ ಹತ್ತಿರ ಚಾಪೆ ಹಾಸಿದರೆ ತಾನಾಗಿ ಸರಿಹೋಗುತ್ತದೆ. ನಾಯಿಗಳನ್ನು ರಕ್ಷಿಸಿ ಸಾಕಲು ಕೊಡುವವರಲ್ಲಿ ಒಂದು ಅಂದಾಜಿನ ಲೆಕ್ಕ ರೂಢಿಯಲ್ಲಿದೆ: ಹೆದರಿಕೆ ಇಳಿಯಲು ಮೂರು ದಿನ, ಮನೆಯ ಕ್ರಮ ತಿಳಿಯಲು ಮೂರು ವಾರ, ಇದು ತನ್ನ ಮನೆಯೆಂದು ಬಗೆಯಲು ಮೂರು ತಿಂಗಳು. ಪಂಚಾಂಗದಂತೆ ಹಿಡಿಯಬೇಕಾಗಿಲ್ಲ. ಪೆಟ್ಟು ತಿಂದು ಬೆಳೆದ ದೊಡ್ಡ ನಾಯಿಗೆ ವರ್ಷವೂ ಬೇಕಾಗಬಹುದು. ಹಿಡಿಸೂಡಿ ಎತ್ತಿದರೆ ಮೂತ್ರ ಮಾಡಿಕೊಳ್ಳುವ, ಕೊಡೆ ಬಿಡಿಸಿದರೆ ಓಡುವ, ಹೆಲ್ಮೆಟ್ ಹಾಕಿದವರನ್ನು ಕಂಡು ಹಲ್ಲು ತೋರಿಸುವ ನಾಯಿಗಳನ್ನು ಕಂಡಿದ್ದೇನೆ. ಅದು ದುಷ್ಟತನವಲ್ಲ, ಆ ವಸ್ತುವಿನಿಂದ ಎಂದೋ ತಿಂದ ಪೆಟ್ಟಿನ ನೆನಪು.

ಅಂಗಳದಲ್ಲಿ ಹೇಸಿಗೆ ಮಾಡಿದ್ದಕ್ಕೆ ಮೂಗು ಹಿಡಿದು ಅದರಲ್ಲೇ ಉಜ್ಜುವ ಕ್ರೌರ್ಯ ಇನ್ನೂ ಕೆಲವೆಡೆ ಉಳಿದಿದೆ. ಅದರಿಂದ ನಾಯಿ ಕಲಿಯುವುದು ಒಂದೇ, ಯಜಮಾನ ಕಾಣದಂತೆ ಮಾಡಬೇಕೆಂದು. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಕೂಡಲೇ ತೋಟದ ಅದೇ ಮೂಲೆಗೆ ಕರೆದೊಯ್ದು, ಮುಗಿಸಿದಾಗ ಬೆನ್ನು ತಟ್ಟಿದರೆ ಎರಡು ವಾರದಲ್ಲಿ ರೂಢಿಯಾಗತೊಡಗುತ್ತದೆ. ಮೊದಲ ಕೆಲವು ವಾರ ಹಗ್ಗ ಹಿಡಿದೇ ಹೊರಗೆ ಹೋಗಬೇಕು, ಯಾಕೆಂದರೆ ಬೆದರಿದ ನಾಯಿ ಓಡಿದರೆ ಹೊಸ ಮನೆಯ ದಾರಿ ಅದಕ್ಕಿನ್ನೂ ತಿಳಿದಿರುವುದಿಲ್ಲ. ಹಿಡಿದುಕೊಂಡು ತಿರುಗಾಡುವ ಹಗ್ಗಕ್ಕೂ ಕಂಬಕ್ಕೆ ಬಿಗಿದ ಸರಪಳಿಗೂ ಅಜಗಜಾಂತರವುಂಟು. ಸದಾ ಕಟ್ಟಿಹಾಕಿದ ನಾಯಿಗೆ ತಿರುಗಾಟ ಕೊಡದಿರುವುದು ಕೂಡ ಆ 11ನೆಯ ಕಲಮಿನಲ್ಲೇ ಅಪರಾಧವೆಂದು ಬರೆದಿದೆ.

ಗಡಿನಾಡಿನ ಮನೆಗಳಿಗೆ ವಿಶೇಷವಾದ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಕಾಸರಗೋಡಿನ ಒಂದು ಸಾಧಾರಣ ಮನೆಯಲ್ಲಿ ನಾಯಿಯೊಡನೆ ಎಷ್ಟು ಭಾಷೆ ಆಡುತ್ತೇವೆಂದು ಯಾರಾದರೂ ಲೆಕ್ಕ ಹಾಕಿದ್ದುಂಟೇ? ಯಜಮಾನರು 'ಬಾ' ಎನ್ನುತ್ತಾರೆ, ಅಜ್ಜಿ ತುಳುವಿನಲ್ಲಿ 'ಬಲ' ಎನ್ನುತ್ತಾರೆ, ತೋಟದ ಕೆಲಸಕ್ಕೆ ಬಂದವರು ಮಲಯಾಳದಲ್ಲಿ 'ವಾ' ಎನ್ನುತ್ತಾರೆ, ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮೊಮ್ಮಗ 'ಕಮ್' ಎನ್ನುತ್ತಾನೆ. ಬಾರದಿದ್ದರೆ ನಾಲ್ವರೂ ಸೇರಿ 'ದಡ್ಡ ನಾಯಿ' ಎನ್ನುತ್ತಾರೆ. ಬೀದಿಯಿಂದ ಬಂದ ನಾಯಿಗೆ ಮೊದಲೇ ಗೊತ್ತಿರುವ ಶಬ್ದವೆಂದರೆ 'ಪೋ'. ಅದೊಂದರಲ್ಲಿ ಮಲಯಾಳಕ್ಕೂ ತುಳುವಿಗೂ ಭಿನ್ನಾಭಿಪ್ರಾಯವಿಲ್ಲ! ನಾಯಿಗೆ ವ್ಯಾಕರಣ ಬೇಡ, ಒಂದು ಕೆಲಸಕ್ಕೆ ಒಂದೇ ಶಬ್ದ, ಒಂದೇ ಸ್ವರ, ಒಂದೇ ಕೈಸನ್ನೆ ಬೇಕು. ಬಂದ ದಿನವೇ ಮನೆಯವರೆಲ್ಲ ಕುಳಿತು, ಕರೆಯಲು ಇದು, ಕುಳ್ಳಿರಿಸಲು ಇದು, ಬೇಡವೆನ್ನಲು ಇದು ಎಂದು ನಾಲ್ಕೈದು ಶಬ್ದಗಳನ್ನು ನಿಶ್ಚಯಿಸಿಕೊಂಡರೆ ಅರ್ಧ ಶಿಕ್ಷಣ ಮುಗಿದಂತೆ. ಅದು ಕನ್ನಡವೇ ಆಗಬೇಕೆಂದು ಹಟವಿಲ್ಲ. ನನ್ನ ಆಸೆ ಮಾತ್ರ ಕನ್ನಡವಿರಲಿ ಎಂದೇ. ಮೊದಲೇ ಮಲಯಾಳದ ಮನೆಯಲ್ಲಿ ಬೆಳೆದ ದೊಡ್ಡ ನಾಯಿಯಾದರೆ ಅದಕ್ಕೆ ಗೊತ್ತಿರುವ ಶಬ್ದವನ್ನು ಮೊದಲು ಹೇಳಿ, ಹಿಂದೆಯೇ ನಮ್ಮದನ್ನು ಸೇರಿಸುತ್ತ ಹೋದರೆ ದಿನ ಕಳೆದಂತೆ ಎರಡೂ ಬರುತ್ತವೆ. ನಮ್ಮ ಮಕ್ಕಳಿಗೆ ಬಂದಂತೆಯೇ.

ಭಾಷೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ನಾಯಿಗಳಿಗೆ ರೇಬೀಸ್ ಚುಚ್ಚುಮದ್ದಿನ ಶಿಬಿರ ನಡೆಯುವ ಪ್ರಕಟಣೆಯನ್ನು ನಮ್ಮ ಪರಿಸರದ ಒಂದು ಕಚೇರಿಯ ಫಲಕದಲ್ಲಿ ನೋಡಿದೆ, ಬರೀ ಮಲಯಾಳದಲ್ಲಿತ್ತು. ಆ ಲಿಪಿ ಓದಲು ಬಾರದ ವೃದ್ಧರೊಬ್ಬರು ಅದರ ಅಡಿಯಲ್ಲೇ ನಿಂತು ಬಸ್ಸಿಗೆ ಕಾಯುತ್ತಿದ್ದರು, ಅವರ ಮನೆಯಲ್ಲಿ ಎರಡು ನಾಯಿಗಳಿವೆ. ಕನ್ನಡದಲ್ಲಿ ಪ್ರಕಟಣೆ ಕೇಳುವುದು ಬರಿಯ ಅಭಿಮಾನದ ಪ್ರಶ್ನೆಯೆಂದು ತಿಳಿಯುವ ಅಧಿಕಾರಿಗಳು ಇದನ್ನು ಗಮನಿಸಬೇಕು. ಹುಚ್ಚುನಾಯಿ ರೋಗ ಭಾಷಾ ಬಹುಸಂಖ್ಯಾತರು, ಅಲ್ಪಸಂಖ್ಯಾತರು ಎಂದು ನೋಡಿ ಬರುವುದಿಲ್ಲ. ಒಂದೂರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಚುಚ್ಚುಮದ್ದಾದರೆ ರೋಗದ ಸರಪಳಿ ತುಂಡಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಎಪ್ಪತ್ತರಲ್ಲಿ ಕನ್ನಡಿಗರ ನಾಯಿಗಳೂ ಸೇರಬೇಡವೇ?

ಹಿರಿಯರಿಗೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯ ಭಯ ಇನ್ನೂ ಹೋಗಿಲ್ಲ. ಕೂನೂರಿನ ಪಾಶ್ಚರ್ ಸಂಸ್ಥೆಯ ಹೆಸರು ಕೇಳಿದರೇ ಹೊಟ್ಟೆ ಹಿಡಿದುಕೊಳ್ಳುವವರಿದ್ದಾರೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ ಕೈಬಿಟ್ಟು ಎರಡು ದಶಕಗಳಾದವು. ಈಗಿನದು ತೋಳಿಗೆ, ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7, 28ನೆಯ ದಿನ. ಕಚ್ಚಿದ ಅಥವಾ ಪರಚಿದ ಗಾಯವನ್ನು ಕೂಡಲೇ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು ಎಲ್ಲಕ್ಕಿಂತ ಮುಖ್ಯ. ಸುಣ್ಣ, ಅರಸಿನ, ಕಾಫಿಪುಡಿ ಮೆತ್ತುವುದು ಬೇಡ. ಮರಿಯಲ್ಲವೇ, ಸಣ್ಣ ಗೀರಲ್ಲವೇ ಎಂದು ಅಸಡ್ಡೆ ಮಾಡುವಂತಿಲ್ಲ; ರೋಗಲಕ್ಷಣ ಕಂಡ ಮೇಲೆ ಬದುಕಿಸುವ ಮದ್ದಿಲ್ಲ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಚುಚ್ಚುಮದ್ದು, ಬಳಿಕ ವೈದ್ಯರು ಹೇಳಿದ ದಿನ ಇನ್ನೊಂದು, ಆಮೇಲೆ ಪ್ರತಿವರ್ಷ. ಅದಕ್ಕೂ ಮೊದಲು ಆರೆಂಟು ವಾರದಿಂದಲೇ ಪಾರ್ವೋ ಮುಂತಾದ ರೋಗಗಳ ಲಸಿಕೆ, ಹುಳದ ಮದ್ದು. ಪಾರ್ವೋ ಎಂದರೆ ಮರಿಗಳು ವಾಂತಿ, ರಕ್ತಭೇದಿಯಾಗಿ ಎರಡು ಮೂರು ದಿನದಲ್ಲಿ ಮುಗಿಯುವ ರೋಗ. ಅದರ ವಿಷಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. 'ನಮ್ಮ ಹಿತ್ತಿಲಿಗೆ ಮರಿ ಆಗಿಬರುವುದಿಲ್ಲ, ಏನೋ ದೋಷವಿದೆ' ಎಂದು ಪ್ರಶ್ನೆ ಇಡಿಸುವ ಮನೆಗಳಲ್ಲಿ ಎಷ್ಟೋ ಸಲ ದೋಷವಿರುವುದು ಇಷ್ಟೇ. ಚುಚ್ಚುಮದ್ದಿನ ಚೀಟಿ ಜೋಪಾನವಾಗಿರಲಿ, ಪಂಚಾಯತಿಯ ಪರವಾನಿಗೆಗೆ ಅದು ಬೇಕು.

ಮಕ್ಕಳಿಗೆ ಕಲಿಸಬೇಕಾದದ್ದು ನಾಯಿಗೆ ಕಲಿಸಬೇಕಾದದ್ದಕ್ಕಿಂತ ಹೆಚ್ಚಿದೆ. ಉಣ್ಣುವಾಗ ಬಟ್ಟಲಿಗೆ ಕೈ ಹಾಕಬಾರದು. ಹಸಿವಿನಲ್ಲಿ ಬೆಳೆದದ್ದು ಅದು, ಊಟ ಕಸಿಯಲು ಬಂದರೆಂದೇ ಭಾವಿಸುತ್ತದೆ. ಮಲಗಿದ್ದನ್ನು ತಟ್ಟಿ ಎಬ್ಬಿಸಬಾರದು, ಕುತ್ತಿಗೆ ಅಪ್ಪಿ ಹಿಡಿಯಬಾರದು. ನಾಯಿ ಕಚ್ಚುವ ಮೊದಲು ಹೇಳದೆ ಕಚ್ಚುವುದಿಲ್ಲ; ತುಟಿ ನೆಕ್ಕುತ್ತದೆ, ಮುಖ ತಿರುಗಿಸುತ್ತದೆ, ಕಣ್ಣಂಚಿನ ಬಿಳಿ ತೋರಿಸುತ್ತದೆ, ಮೈ ಸೆಟೆಯುತ್ತದೆ, ಗುರುಗುಟ್ಟುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಆ ಕೊನೆಯ ಎಚ್ಚರಿಕೆಯನ್ನೂ ಕೊಡದ ನಾಯಿ ತಯಾರಾಗುತ್ತದೆ. ಇನ್ನು ನೆರೆಕರೆ. ನಾಯಿಯ ಎಂಜಲು ತಾಗಬಾರದೆಂಬ ನಿಷ್ಠೆಯುಳ್ಳವರು ನಮ್ಮಲ್ಲಿ ಎಲ್ಲ ಮತಗಳಲ್ಲೂ ಇದ್ದಾರೆ. ಅವರು ಬಂದಾಗ ನಾಯಿಯನ್ನು ಒಳಗೆ ಕರೆದುಕೊಳ್ಳುವುದು ಸೋಲಲ್ಲ, ಮರ್ಯಾದೆ. 'ಏನೂ ಮಾಡುವುದಿಲ್ಲ, ಬನ್ನಿ' ಎಂದು ನಗುವ ಯಜಮಾನರಿಂದಾಗಿ ಕೆಟ್ಟ ನೆರೆಕರೆಗಳು ಕಡಿಮೆಯಲ್ಲ.

ಕುಂಬಳೆ ಬೆಡಿಯ ಸಂಭ್ರಮ ನಮಗೆಲ್ಲ ಬೇಕು, ವಿಷುವಿನ ಪಟಾಕಿಯೂ ಬೇಕು. ನಮಗಿಂತ ಎಷ್ಟೋ ಪಾಲು ಸೂಕ್ಷ್ಮವಾದ ಅದರ ಕಿವಿಗೆ ಆ ರಾತ್ರಿ ಪ್ರಳಯ. ಪಟಾಕಿಯ ರಾತ್ರಿಯೇ ನಾಯಿಗಳು ಸರಪಳಿ ಕಿತ್ತು ಓಡುವುದು. ಹೊತ್ತು ಮುಳುಗುವ ಮೊದಲೇ ತಿರುಗಾಡಿಸಿ, ಉಣ್ಣಿಸಿ, ಒಳಕೋಣೆಯ ಕಿಟಕಿ ಮುಚ್ಚಿ, ರೇಡಿಯೋ ಸ್ವಲ್ಪ ದೊಡ್ಡದಾಗಿ ಇಟ್ಟರೆ ಒಂದಷ್ಟು ನೆಮ್ಮದಿ. ಮುಳಿಯಾರು, ಕಾರಡ್ಕದ ಕಡೆ ಚಿರತೆಯ ಸುದ್ದಿ ಬಂದ ಮೇಲಾದರೂ ರಾತ್ರಿ ನಾಯಿಯನ್ನು ತೋಟದ ಅಂಚಿನಲ್ಲಿ ಕಟ್ಟುವ ಪದ್ಧತಿ ನಿಲ್ಲಬೇಕಾಗಿತ್ತು. ಕಟ್ಟಿದ ನಾಯಿ ಕಾವಲಲ್ಲ, ಚಿರತೆಗೆ ಇಟ್ಟ ಎಡೆ.

ಕೊನೆಗೆ, ಎಲ್ಲರೂ ಹೇಳಲು ಅಂಜುವ ಒಂದು ವಿಷಯ. ನಮ್ಮ ಕನ್ನಡ ಮನೆಗಳಲ್ಲಿ ಬಹಳಷ್ಟು ಈಗ ಇಬ್ಬರೇ ಇರುವ ಮನೆಗಳು. ಮಕ್ಕಳು ಮಂಗಳೂರು, ಬೆಂಗಳೂರು, ಕೊಲ್ಲಿ ದೇಶ ಸೇರಿದ್ದಾರೆ. ಒಂಟಿತನಕ್ಕೂ ಕಾವಲಿಗೂ ಆಯಿತೆಂದು ಎಪ್ಪತ್ತು ದಾಟಿದವರು ಮರಿ ತರುತ್ತಾರೆ. ಊರನಾಯಿ ಚೆನ್ನಾಗಿ ಸಾಕಿದರೆ ಹತ್ತು ಹದಿನೈದು ವರ್ಷ ಬದುಕುತ್ತದೆ. ನಡುವೆ ಒಬ್ಬರು ತೀರಿಕೊಂಡು, ಇನ್ನೊಬ್ಬರನ್ನು ಮಗ ಬೆಂಗಳೂರಿನ ಮೂರನೆಯ ಮಾಳಿಗೆಗೆ ಕರೆದೊಯ್ಯುವ ದಿನ ಬರುತ್ತದೆ. ಮನೆಗೆ ಬೀಗ, ತೋಟ ಗೇಣಿಗೆ, ನಾಯಿ ಗೇಟಿನ ಹೊರಗೆ. ಬೀಗ ಹಾಕಿದ ಮನೆಯ ಮೆಟ್ಟಿಲಲ್ಲಿ ವಾರಗಟ್ಟಲೆ ಮಲಗಿ, ದಾರಿಯಲ್ಲಿ ಬರುವ ಪ್ರತಿ ಜೀಪಿನ ಸದ್ದಿಗೆ ಎದ್ದು ನಿಲ್ಲುವ ಅಂಥ ನಾಯಿಗಳು ಬದಿಯಡ್ಕದಿಂದ ಪೆರ್ಲದವರೆಗೆ ಬೇಕಾದಷ್ಟಿವೆ. ಆದ್ದರಿಂದ ವಯಸ್ಸಾದವರು ಎಳೆಮರಿ ತರುವ ಬದಲು, ಆರೇಳು ವರ್ಷ ಕಳೆದ, ಯಾರಿಗೂ ಬೇಡವಾದ ಸಾಧು ನಾಯಿಯನ್ನು ತರಲಿ. ಹಾರಾಟ ಕಡಿಮೆ, ಶೌಚದ ಶಿಸ್ತು ಹೆಚ್ಚಾಗಿ ಮೊದಲೇ ಕಲಿತಿರುತ್ತದೆ, ಇಬ್ಬರ ಆಯುಷ್ಯವೂ ಹೆಚ್ಚುಕಡಿಮೆ ಹೊಂದುತ್ತದೆ. ತರುವ ದಿನವೇ ನಾಳೆ ಇದನ್ನು ನೋಡಿಕೊಳ್ಳುವವರು ಯಾರೆಂದು ನೆರೆಯವರಲ್ಲೋ ಅಕ್ಕತಂಗಿಯರ ಮನೆಯಲ್ಲೋ ಮಾತಾಡಿ ಇಟ್ಟುಕೊಳ್ಳಲಿ. ಆಗಾಗ ಅಲ್ಲಿಗೆ ಕರೆದೊಯ್ದು, ಅವರ ಕೈಯಿಂದ ಒಂದು ತುತ್ತು ಹಾಕಿಸಿ, ಆ ಅಂಗಳದ ವಾಸನೆ ಅದಕ್ಕೆ ಪರಿಚಯವಾಗಲಿ. ಹೋಗಬೇಕಾಗಿ ಬಂದ ದಿನ ಅದು ಮಲಗುತ್ತಿದ್ದ ಗೋಣಿಯನ್ನು ಒಗೆಯದೆ ಹಾಗೆಯೇ ಜತೆಗೆ ಕೊಟ್ಟರೆ ಹೊಸ ಜಗಲಿಯಲ್ಲಿ ಅದಕ್ಕೆ ಬೇಗ ನಿದ್ದೆ ಹತ್ತುತ್ತದೆ.